ಗಾಜಿನ ಕಪಾಟಿನಲ್ಲಿ ಅತ್ತೆಯ ಜಾಗ

ನಾವುಂದದ ನಮ್ಮ ಮನೆಯ ಚಾವಡಿಯಲ್ಲಿ ಒಂದು ಗಾಜಿನ ಕಪಾಟಿದೆ. ಅದರ ತುಂಬ ಆಟದಲ್ಲಿ ಗೆದ್ದ ಕಪ್‌ಗಳು. ಮಾವ ಹರೆಯದಲ್ಲಿ ವಾಲಿಬಾಲ್ ಆಡಿ ತಂದದ್ದು, ನನ್ನ ಗಂಡ ಕ್ರಿಕೆಟ್‌ನಲ್ಲಿ ಗೆದ್ದದ್ದು, ಮೈದುನ ಮುಂಬೈಯಲ್ಲಿ ಕಬಡ್ಡಿ ಆಡಿ ಹೊತ್ತು ತಂದದ್ದು. ಗೆದ್ದವರು ಒಳಗಿಟ್ಟು ಮರೆತರು. ಒರೆಸಿಕೊಂಡು ಬಂದವರು ಅತ್ತೆ. ನಾನು ವಂಡ್ಸೆಯಿಂದ ಸೊಸೆಯಾಗಿ ಬಂದ ಮೇಲೆ ಆ ಕೆಲಸ ನನ್ನ ಕೊರಳಿಗೆ ಬೀಳುತ್ತದೆ ಎಂದುಕೊಂಡಿದ್ದೆ. ಪುಣ್ಯಕ್ಕೆ ಬೀಳಲಿಲ್ಲ, ಅತ್ತೆ ಬಿಟ್ಟುಕೊಟ್ಟಿದ್ದರೆ ತಾನೆ! ಒಮ್ಮೆ ಚೌತಿಯ ಮುಂಚೆ ಕಪಾಟು ಒರೆಸುತ್ತಾ ಅವರು ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು: "ಇದ್ರೊಳ್ಗೆ ನಂದೂ ಒಂದ್ ಇರ್ಕಿತ್ತ್ ಹೆಣೆ."

ಬೆಳಿಗ್ಗೆ ಎದ್ದರೆ ಮೀನಿನ ಬುಟ್ಟಿ, ಮಧ್ಯಾಹ್ನ ಬಂದರೆ ಅಡುಗೆ. ಅಂಥವರ ಬಾಯಲ್ಲಿ ಕಪ್‌ನ ಆಸೆ ಕೇಳಿ ನನಗೆ ನಗು ಬರಲಿಲ್ಲ.

ಅದಾದ ಸ್ವಲ್ಪ ಸಮಯಕ್ಕೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಊರು ಸೇರಿ ಒಂದು ದೊಡ್ಡ ಕ್ರೀಡಾಕೂಟ ನಡೆಯಿತು. ಓಟ ಒಂದು ಕಡೆ, ಕಬಡ್ಡಿ ಇನ್ನೊಂದು ಕಡೆ. ಹೆಂಗಸರ ಹಗ್ಗಜಗ್ಗಾಟಕ್ಕೆ ಮಾತ್ರ ಮೂರೂ ಊರಿನ ಋಣ: ಮೊದಲ ಸುತ್ತು ಬೈಂದೂರು, ಸೆಮಿಫೈನಲ್ ಬ್ರಹ್ಮಾವರ, ಫೈನಲ್ ಕುಂದಾಪುರ. ಯಾವ ಪುಣ್ಯಾತ್ಮ ಹೀಗೆ ಹಂಚಿದನೋ, ಸಿಕ್ಕಿದರೆ ನಾಲ್ಕು ಮಾತು ಕೇಳಬೇಕೆಂದು ಇವತ್ತಿಗೂ ನನಗಿದೆ.

ಹಗ್ಗ ಎಂದ ಕೂಡಲೇ ಅತ್ತೆ ಎದ್ದು ನಿಂತರು. ಅದಕ್ಕೆ ಕಾರಣವಿದೆ. ನಮ್ಮ ದಂಡೆಯಲ್ಲಿ ಕೈರಂಪಣಿ ಬಲೆ ಎಳೆಯುವಾಗ ಗಂಡು ಹೆಣ್ಣೆನ್ನದೆ ಎಲ್ಲರೂ ಹಗ್ಗಕ್ಕೆ ಕೈ ಕೊಡುತ್ತಾರೆ. ಕೈ ಕೊಟ್ಟವರಿಗೆ ಮೀನಿನಲ್ಲಿ ಪಾಲು. ದೋಣಿಯವರು ಕಡಲಲ್ಲಿ ಬಲೆ ಬಿಟ್ಟು ಬಂದ ಮೇಲೆ ದಂಡೆಯವರು ಸಾಲಾಗಿ ಹಗ್ಗ ಹಿಡಿದು ಹಿಂದೆ ಹಿಂದೆ ನಡೆಯುತ್ತಾ ಎಳೆಯಬೇಕು. ಸಾಲಿನ ಕೊನೆಯವರು ಒಣ ಹೊಯ್ಗೆ, ಅಂದರೆ ಅಲೆ ತಾಗದ ಮರಳು, ಮುಟ್ಟಿದರೆ ಹಗ್ಗ ಬಿಟ್ಟು ನೀರಿನ ಅಂಚಿಗೆ ಓಡಬೇಕು, ಎಲ್ಲರಿಗಿಂತ ಮುಂದೆ ನಿಂತು ಮತ್ತೆ ಹಿಡಿಯಬೇಕು. ಅತ್ತೆ ಲಂಗ ಉಡುವ ಕಾಲದಿಂದ ಹೀಗೇ ಎಳೆದವರು.

"ಇದ್ ಮೀನ್ ಬುಟ್ಟಿ ಹೊರುದಲ್ಲ ಮಾರಾಯ್ತಿ. ಸೊಂಟ ಹಿಡ್ಕಂಡ್ರೆ ಎಣ್ಣಿ ತಿಕ್ಕುಕೆ ನಾ ಇಲ್ಲೆ," ಎಂದರು ಮಾವ.

"ಹ್ವಾಯ್, ನೀವ್ ಎಣ್ಣಿ ತಿಕ್ಕುದ್ ಬ್ಯಾಡ. ಕಪಾಟಲ್ ಒಂದ್ ಜಾಗ ಮಾಡಿ ಇಡಿ, ಸಾಕ್."

ಎಂಟು ಹೆಂಗಸರ ತಂಡವಾಯಿತು. ಎಲ್ಲರ ಮುಂದೆ ಪಕ್ಕದ ಮನೆಯವಳು, ಎಲ್ಲರ ಹಿಂದೆ ಅತ್ತೆ, ಅವರಿಗೆ ತಾಗಿ ನಾನು. ಊರಿನ ನಿವೃತ್ತ ಆಟದ ಮೇಷ್ಟ್ರು ಕಲಿಸಲು ಬಂದರು. ಹಗ್ಗವನ್ನು ಹೆಗಲ ಮೇಲೆ ಹೇಗೆ ಹಾಯಿಸಿಕೊಳ್ಳಬೇಕೆಂದು ಅತ್ತೆಗೆ ತೋರಿಸಿ, "ಲೋಕ ಮುಳ್ಗಿರೂ ಕೊನಿಯರ್ ಹಗ್ಗ ಬಿಡೂಕಾಗ," ಎಂದರು.

"ಬಿಡುದಿಲ್ಲೆ ಮಾಷ್ಟ್ರೆ," ಎಂದರು ಅತ್ತೆ.

ಬೈಂದೂರಿನಲ್ಲಿ ಅಂಗುಲ ಅಂಗುಲಕ್ಕೂ ಹೆಣಗಿ ಗೆದ್ದೆವು. ಬ್ರಹ್ಮಾವರಕ್ಕೆ ಮೀನಿನ ಟೆಂಪೋದಲ್ಲಿ ಹೋದೆವು. ಎಷ್ಟು ತೊಳೆದರೂ ಅದರ ವಾಸನೆ ಹೋಗುತ್ತದೆಯೇ? ಎದುರಿನ ತಂಡದ ಇಬ್ಬರು ಮೂಗು ಮುಚ್ಚಿಕೊಂಡರು. ನನಗೆ ಪಿತ್ತ ನೆತ್ತಿಗೇರಿತು. ಅತ್ತೆ ಮಾತ್ರ ತಣ್ಣಗೆ, "ಅಡ್ಡಿಲ್ಲ, ಒಂದ್ ಕೈಯಲ್ ಮೂಗ್ ಹಿಡ್ಕಣಿ, ಇನ್ನೊಂದ್ ಕೈಯಲ್ ಹಗ್ಗ ಹಿಡ್ಕಣಿ," ಎಂದರು. ಅಲ್ಲೂ ಗೆದ್ದೆವು.

ಕುಂದಾಪುರದ ಫೈನಲ್‌ಗೆ ನಾವುಂದದಿಂದ ಜನ ಬಂದಿದ್ದರು. ಬರುವುದಿಲ್ಲ ಎಂದಿದ್ದ ಮಾವ ಕೂಡ ಗುಂಪಿನ ಹಿಂದೆ ಮುಖ ಮರೆಸಿಕೊಂಡು ನಿಂತಿದ್ದರು. ಮೊದಲ ಎಳೆತ ನಮ್ಮದು, ಎರಡನೆಯದು ಅವರದು. ಮೂರನೆಯದರಲ್ಲಿ ಎದುರಿನವರ ಕಾಲು ಜಾರಿತು. ಹಗ್ಗ ಸರಸರನೆ ನಮ್ಮ ಕಡೆಗೆ ಬರತೊಡಗಿತು, ಬಲೆ ದಡಕ್ಕೆ ಹತ್ತಿರವಾದಾಗ ಬರುವ ಹಾಗೆ. ಇನ್ನೊಂದು ಮೊಳ ಎಳೆದರೆ ಕಪ್ ನಮ್ಮದು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಇದ್ದಕ್ಕಿದ್ದಂತೆ ಖಾಲಿ ಖಾಲಿ ಅನ್ನಿಸಿತು.

ಮೈದಾನದ ಅಂಚಿನಲ್ಲಿ ಕೆಸರಾಗದಿರಲೆಂದು ಹೊಯ್ಗೆ ಹರಡಿದ್ದರು. ಅತ್ತೆಯ ಹಿಮ್ಮಡಿ ಆ ಒಣ ಹೊಯ್ಗೆಯನ್ನು ಮುಟ್ಟಿತ್ತು. ಅವರು ಹೆಗಲಿನಿಂದ ಹಗ್ಗ ಇಳಿಸಿ, ಸೀರೆ ಎತ್ತಿ ಕಟ್ಟಿಕೊಂಡು ನನ್ನನ್ನು ದಾಟಿ ಮುಂದಕ್ಕೆ ಓಡುತ್ತಿದ್ದರು. ಮುಂದಿದ್ದ ಪಕ್ಕದ ಮನೆಯವಳೋ, ಅಭ್ಯಾಸ ಬಲದಿಂದ ಒಂದು ಹೆಜ್ಜೆ ಸರಿದು ಅವರಿಗೆ ಜಾಗ ಕೊಟ್ಟಳು. ನಮ್ಮೂರ ಜನಕ್ಕೂ ಆ ಗಳಿಗೆಯಲ್ಲಿ ಅದು ತಪ್ಪೆಂದು ಅನ್ನಿಸಲಿಲ್ಲ. "ಬೇಗ್ ಹೋಗ್, ಮುಂದ್ ಹಿಡಿ!" ಎಂದು ಗುಂಪಿನಿಂದ ಯಾರೋ ಕೂಗಿದರು. ಅದು ಮಾವನ ದನಿ. ಅತ್ತೆ ನಡುಗೆರೆ ದಾಟಿ ಎದುರು ತಂಡದ ಮೂಗಿನಡಿಯಲ್ಲಿ ಹಗ್ಗ ಹಿಡಿದದ್ದೂ ಸೀಟಿ ಊದಿದ್ದೂ ಒಟ್ಟಿಗೇ ಆಯಿತು. ಗೆಲುವು ಎದುರಿನವರದ್ದೆಂದು ತೀರ್ಪು ಬಂತು.

ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎರಡನೆಯ ಬಹುಮಾನದ ಪುಟ್ಟ ಕಪ್ ತೆಗೆದುಕೊಳ್ಳಲು ನಾವು ವೇದಿಕೆ ಹತ್ತಿದೆವು, ಅತ್ತೆ ಹತ್ತಲಿಲ್ಲ. ವಾಪಸು ಬರುವಾಗ ಹೆಮ್ಮಾಡಿ ದಾಟಿದ ಮೇಲೆ ಅವರು ತಮ್ಮ ಅಂಗೈ ನೋಡಿಕೊಂಡು, "ಕಾಲಿಗ್ ಹೊಯ್ಗಿ ತಾಗಿದ್ದೇ ತಾಗಿದ್ದ್, ಕೈ ನನ್ ಮಾತ್ ಕೇಣ್ಲಿಲ್ಲೆ," ಎಂದರು. ಆಗ ನನಗೆ ಅಳು ಬಂತು. ನಕ್ಕವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯಬೇಕು ಅನ್ನಿಸಿತು.

ಮನೆಗೆ ಬಂದು ನೋಡಿದರೆ ಮಾವ ಬಸ್ಸಿನಲ್ಲಿ ನಮಗಿಂತ ಮೊದಲೇ ಬಂದು ಮುಟ್ಟಿದ್ದರು. ಕಪಾಟಿನ ನಡುವಿನ ಹಲಗೆಯಲ್ಲಿದ್ದ ವಾಲಿಬಾಲ್ ಕಪ್ ನೆಲದ ಮೇಲಿತ್ತು, ಅದರ ಜಾಗ ಖಾಲಿಯಿತ್ತು. ನಮ್ಮ ಹಿಂದೆಯೇ ತಂಡದವರೆಲ್ಲ ಒಳಗೆ ಬಂದರು. ಕಪ್ ಒಂದೊಂದು ತಿಂಗಳು ಒಂದೊಂದು ಮನೆಯಲ್ಲಿ, ಮೊದಲ ತಿಂಗಳು ಇಲ್ಲಿ ಎಂದು ಅವರವರೇ ತೀರ್ಮಾನ ಮಾಡಿಯಾಗಿತ್ತು.

"ಬ್ಯಾಡ, ಸೋಲ್ಸಿದ್ದ್ ನಾನ್," ಎಂದರು ಅತ್ತೆ.

"ನೀವ್ ಓಡ್ಕಂಡ್ ಬಪ್ಪತಿಗೆ ಜಾಗ ಕೊಟ್ಟದ್ ಯಾರ್ ಅಕ್ಕ? ನಾನ್ ಅಲ್ದಾ?" ಎಂದಳು ಪಕ್ಕದ ಮನೆಯವಳು. "ಸುಮ್ನೆ ಒಳ್ಗ್ ಇಡಿ."

"ಕೂಗಿದ್ದ್ ನಾನ್," ಎಂದು ಮಾವ ಮೆಲ್ಲಗೆ ಸೇರಿಸಿದರು. ಸೋತ ಮೇಲೆ ಅತ್ತೆ ಮೊದಲ ಸಲ ನಕ್ಕರು. ಕಪ್ ಅನ್ನು ಸೆರಗಿನಿಂದ ಒರೆಸಿ ನಡುವಿನ ಹಲಗೆಯಲ್ಲಿ ಇಟ್ಟರು.

ತಿಂಗಳು ಕಳೆದು ಅದು ಪಕ್ಕದ ಮನೆಗೆ ಹೋಯಿತು. ಅದೇ ಸಂಜೆ ಮಾವ ತಮ್ಮ ವಾಲಿಬಾಲ್ ಕಪ್ ತಂದು ಹಳೆಯ ಜಾಗದಲ್ಲಿ ಇಡಹೋದರು. ಮೀನು ಹೆಚ್ಚುತ್ತಿದ್ದ ಅತ್ತೆ ಕತ್ತಿ ಕೈಯಲ್ಲಿ ಹಿಡಿದುಕೊಂಡೇ ಚಾವಡಿಗೆ ಬಂದರು.

"ಹ್ವಾಯ್, ತೆಗಿನಿ ಅದನ್ನ. ಕಪ್ ಬತ್ತ್, ಹೋತ್. ಜಾಗ ನಂದ್."

ಮಾವ ತಮ್ಮ ಕಪ್ ಎತ್ತಿಕೊಂಡು ಹೋಗಿ ಟಿ.ವಿ. ಪಕ್ಕದಲ್ಲಿ ಇಟ್ಟರು.