ಯಾರ ಮರದ ಹತ್ತಿರ?

ನನ್ನ ಮನೆಯ ವಿಳಾಸ ಹೇಳಲು ನನಗೆ ಬಹಳ ದಿನ ಬರಲೇ ಇಲ್ಲ ಎಂದರೆ ನೀವು ನಗುತ್ತೀರಿ. ನಗಿ, ಬೇಸರವಿಲ್ಲ. ಅರಸೀಕೆರೆಯ ಅಂಚಿನಲ್ಲಿ, ಹಾರನಹಳ್ಳಿ ರಸ್ತೆಯ ಬದಿಗೆ, ಮೊನ್ನೆಮೊನ್ನೆಯವರೆಗೆ ತೆಂಗಿನ ತೋಟವಾಗಿದ್ದ ಬಡಾವಣೆ ನಮ್ಮದು. ಹಳ್ಳಿ ಎನ್ನೋಣವೆಂದರೆ ಬೀದಿದೀಪ, ಪಾರ್ಕು ಎಲ್ಲ ಇವೆ. ಪಟ್ಟಣ ಎನ್ನೋಣವೆಂದರೆ ಆ ಪಾರ್ಕಿನಲ್ಲಿ ಎಮ್ಮೆ ಕಟ್ಟಿರುತ್ತಾರೆ. ಆರ್‌ಸಿಸಿ ಮನೆ ಕಟ್ಟಿಸಿದವರೂ ಮೇಲೊಂದು ಅಟ್ಟ ಮಾಡಿಸಿ, ಕೊಬ್ಬರಿಯಾಗಲೆಂದು ಕಾಯಿ ತುಂಬುತ್ತಾರೆ. ಬಂದ ಅಳಿಯನಿಗೆ ರೂಮಿಲ್ಲದಿದ್ದರೂ ನಡೆದೀತು, ಕಾಯಿಗೆ ಜಾಗ ಬೇಕೇ ಬೇಕು.

ಸೈಟು ಕೊಂಡ ಹೊಸತು. ಜಲ್ಲಿ ಲಾರಿಯವನಿಗೆ ಫೋನಿನಲ್ಲಿ, ಮೂವತ್ತು ವರ್ಷ ಆಫೀಸಿನಲ್ಲಿ ಕೆಲಸ ಮಾಡಿದ ಗತ್ತಿನಿಂದಲೇ, "ಮೂರನೇ ಕ್ರಾಸ್, ಎಡಗಡೆ" ಎಂದೆ.

"ಅದೆಲ್ಲ ಬ್ಯಾಡಕ್ಕ. ಯಾರ ಮರದತ್ರ ಹೇಳಿ."

"ಯಾರ ಮರವಪ್ಪ?"

"ಗಂಗಮ್ಮನ್ ಮರನೋ, ಸಾವಿತ್ರಿ ಮರನೋ?"

ಕೊನೆಗೆ ನಾನೇ ರಸ್ತೆಗೆ ಹೋಗಿ ಲಾರಿಗೆ ಕೈ ಮಾಡಿದೆ.

ಆಮೇಲೆ ತಿಳಿಯಿತು. ತೋಟದ ಹಳೆಯ ಒಡೆಯರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸೊಸೆಯಾಗಿ ಬರುವವಳು ತವರಿನ ಒಂದು ಬಿತ್ತನೆಗಾಯಿಯನ್ನು ಮಡಿಲಲ್ಲಿ ತರಬೇಕು, ಮೊಳೆತ ಮೇಲೆ ತನ್ನ ಕೈಯಾರೆ ನೆಡಬೇಕು. ಮರಕ್ಕೆ ಅವಳ ಹೆಸರೇ. ಬಾಣಾವರದ ಸಾವಿತ್ರಿ, ಬೇಲೂರು ಕಡೆಯ ಪುಟ್ಟತಾಯಿ, ಅವರ ಅತ್ತೆ, ಅತ್ತೆಯ ಅತ್ತೆ. ಅಣ್ಣತಮ್ಮಂದಿರು ಪಾಲಾಗಿ ತೋಟ ಸೈಟಾಯಿತು, ರಸ್ತೆ ಬಂತು, ಚರಂಡಿ ಬಂತು. ಹೆಸರುಗಳು ಹಾಗೇ ಉಳಿದವು. ಅಬ್ಬಾ, ಒಂದು ಊರಿನ ಚರಿತ್ರೆ ಹೀಗೂ ಇರುತ್ತದೆಯೇ! ಬೇಲೂರಿನಲ್ಲಿ ಕತ್ತು ನೋಯುವ ತನಕ ಶಿಲಾಬಾಲಿಕೆಯರನ್ನು ನೋಡಿದವಳು ನಾನು. ಕೆತ್ತಿದವರಲ್ಲಿ ಕೆಲವರ ಹೆಸರು ಕಲ್ಲಿನಲ್ಲೇ ಇದೆ. ಕನ್ನಡಿ ಹಿಡಿದು ನಿಂತವಳ ಹೆಸರು ಮಾತ್ರ ಯಾವ ಗೈಡಿಗೂ ಗೊತ್ತಿಲ್ಲ. ಇಲ್ಲಿ ಜಲ್ಲಿ ಲಾರಿಯವನಿಗೂ ಒಬ್ಬೊಬ್ಬಳ ಹೆಸರೂ ಗೊತ್ತು.

ಇಷ್ಟು ಮೆಚ್ಚಿಕೊಂಡವಳ ಸೈಟಿನಲ್ಲೇ ತೊಡಕು ಕಾದಿತ್ತು. ಗಂಗಮ್ಮನ ಮರ ನಿಂತಿದ್ದು ಸರಿಯಾಗಿ ನಮ್ಮ ಅಗ್ನಿಮೂಲೆಯಲ್ಲಿ. ಅಡುಗೆಮನೆ ಅಲ್ಲೇ ಆಗಬೇಕೆಂದು ನಮ್ಮ ಯಜಮಾನರ ಹಟ. ಮರ ಕಡಿಯುವವರನ್ನು ಕರೆಸಿಯೇಬಿಟ್ಟರು.

ಗಂಗಮ್ಮ ಅಂದರೆ ನಮ್ಮ ಸೈಟಿನ ಹಿಂದೆಯೇ ಇರುವ, ತೋಟದ ಒಡೆಯರ ಹಳೇ ಮನೆಯ ಗಂಗಜ್ಜಿ. ಬೇಲಿ ದಾಟಿ ಬಂದು ನಿಂತಳು. ಜಗಳಕ್ಕೆ ಬಂದಳೆಂದು ನಾನು ಸೆರಗು ಬಿಗಿದೆ. ಅವಳು ಕಡಿಯುವವರ ಕೈಗೆ ಮಜ್ಜಿಗೆ ಕೊಟ್ಟಳು.

"ಕಡೀರಪ್ಪ. ಮಾರಿದ್ದು ಮಾರಿದ್ದೇ," ಎಂದವಳು ನನ್ನ ಕಡೆ ತಿರುಗಿದಳು. "ಬಸ್ತಿಹಳ್ಳಿಯಿಂದ ಬಂದಾಗ ಈ ಮನೇಲಿ ನನ್ನ ಹೆಸರಿಡಿದು ಕೂಗೋರು ಯಾರೂ ಇರ್ನಿಲ್ಲ ಕಣವ್ವ. ಬಸ್ತಿಹಳ್ಳಿಯೋಳು ಅಂದ್ರು, ಕಿರೀ ಸೊಸೆ ಅಂದ್ರು, ಆಮ್ಯಾಕೆ ಶಿವಣ್ಣನ್ ಅವ್ವ ಅಂದ್ರು. ಗಂಗಮ್ಮ ಅಂತ ಜನ ಅಂದಿದ್ದು ಈ ಮರಕ್ಕೇಯ."

ತಲೆಯೆತ್ತಿ ನೋಡಿದೆ. ಅಷ್ಟೆತ್ತರದಲ್ಲಿ ಗರಿಗಳು ಅಲುಗುತ್ತಿದ್ದವು. ವರ್ಗವಾದ ಊರುಗಳಲ್ಲೆಲ್ಲ ಬಾಡಿಗೆ ಮನೆಗಳಲ್ಲಿ, ನಾನೂ ಆಫೀಸಿಗೆ ಹೋಗುತ್ತಿದ್ದರೂ, ಯಜಮಾನರ ಹೆಸರಿನಿಂದ 'ಮೂರ್ತಿಯವರ ಮನೆಯವರು' ಆಗಿಯೇ ಬಾಳಿದವಳು ನಾನು.

"ಅಡುಗೆ ಮಾಡೋಳು ನಾನು. ಎಲ್ಲಿ ನಿಂತು ಮಾಡ್ಬೇಕು ಅಂತ ನಾನೇ ಹೇಳ್ತೀನಿ," ಎಂದೆ. ಯಜಮಾನರು ಜೊತೆಗಿದ್ದ ಎಂಜಿನಿಯರನ ಮುಖ ನೋಡಿದರು. ಆ ಪುಣ್ಯಾತ್ಮ, "ವಾಯುವ್ಯಾನೂ ನಡೆಯುತ್ತೆ ಸಾರ್," ಎಂದ. ಮರ ಉಳಿಯಿತು. ಇಂದಿಗೂ ಸಾರಿಗೆ ಉಪ್ಪು ಹೆಚ್ಚಾದರೆ ಅದು ವಾಯುವ್ಯದ ತಪ್ಪು.

ಗೃಹಪ್ರವೇಶಕ್ಕೆ ಗಂಗಜ್ಜಿ ಮೊಳೆತ ಕಾಯಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

"ನಿನ್ ಹೆಸ್ರೇನವ್ವ?"

"ವಿಮಲ."

"ತವರು ಯಾವೂರು?"

"ನಮ್ಮಪ್ಪನಿಗೂ ವರ್ಗವಾಗ್ತಾನೇ ಇತ್ತು ಅಜ್ಜಿ. ಇಂಥ ಊರು ಅಂತಿಲ್ಲ."

ಅಜ್ಜಿ ಪಾಪ ಎನ್ನುವಂತೆ ನೋಡಿದಳು. "ಹೋಗ್ಲಿ ಬಿಡು. ಇದು ನನ್ ಮರದ್ದೇ ಕಾಯಿ. ನಾನೇ ತವರು ಅಂದ್ಕೊ. ನೆಡು."

ರೇಷ್ಮೆ ಸೀರೆಯಲ್ಲೇ ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೆಟ್ಟೆ. ಅತ್ತೆನೋ, ನಕ್ಕೆನೋ, ಎರಡೂ ಇರಬೇಕು.

ಕಳೆದ ವಾರ ಗ್ಯಾಸಿನವನ ಫೋನು ಬಂತು. ನಾನು "ಗಂಗಮ್ಮನ ಮರ..." ಎನ್ನುವಷ್ಟರಲ್ಲಿ, "ವಿಮಲಮ್ಮನ್ ಮರದ ಮನೆ ತಾನೆ? ಬತ್ತೀನಿ ಬಿಡಕ್ಕ," ಎಂದ. ಅಜ್ಜಿ ಬಡಾವಣೆಗೆಲ್ಲ ಸಾರಿಬಿಟ್ಟಿದ್ದಾಳೆ!

ಬಂದವನು ಸಿಲಿಂಡರು ಇಳಿಸಿ, ಕತ್ತೆತ್ತಿ ಅತ್ತಿತ್ತ ನೋಡಿದ. "ಎಲ್ಲಕ್ಕ ನಿಮ್ ಮರ?"

ನಾನು ಸಂಕೋಚದಿಂದ ಅವನ ಕಾಲ ಬಳಿ ಬೆರಳು ತೋರಿಸಿದೆ. ಮೊಣಕಾಲೆತ್ತರಕ್ಕೂ ಬಾರದ ಸಸಿ, ನಾಲ್ಕೇ ಗರಿ. ಅವನು ನಗಲಿಲ್ಲ.

"ಹೂಂ, ಐತಲ್ಲ," ಎಂದು ಸಿಲಿಂಡರನ್ನು ಹೆಗಲಿಗೇರಿಸಿ, ಸಸಿಗೆ ತಾಗದಂತೆ ಬಳಸಿಕೊಂಡು ಒಳಗೆ ಹೋದ.