ಅರಗಿನ ಮೆರುಗು

ರದಾಯೆಲ್ಲಿ ಮನೆಯ ಕಿರಿಮಗ ಎಜೀದಿಯೊಗೆ ಸಿಂಹದ ಪಾದ ಕೆತ್ತಲು ಮನಸ್ಸು ಒಪ್ಪುತ್ತಿರಲಿಲ್ಲ. ಕೈ ಬಾರದೆ ಅಲ್ಲ, ಕೈ ಚೆನ್ನಾಗಿಯೇ ಇತ್ತು. ಆದರೆ ಇಟಲಿಯ ಮಿಲಾನಿನ ಹತ್ತಿರದ ಮೇದಾದಂಥ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಅಲ್ಲಿ ಬೀದಿಬೀದಿಗೂ ಬಡಗಿಗಳು. ಗರಗಸದ ಸದ್ದು ನಿಂತಿತು ಅಂದರೆ ಯಾರ ಮನೆಯಲ್ಲಿ ಸಾವಾಯಿತೋ ಅಂತ ಜನ ಬಾಗಿಲಿಗೆ ಬಂದು ನೋಡುತ್ತಿದ್ದರು. ಅವನ ಅಪ್ಪ ಕುರ್ಚಿಯ ಕಾಲಿಗೆ ಸಿಂಹದ ಪಾದ, ಮಂಚದ ತಲೆಗೆ ರೆಕ್ಕೆಯ ದೇವದೂತರು, ಅದರ ಮೇಲೆ ಚಿನ್ನದ ರೇಕು, ಹೀಗೆ ಅರಮನೆಯ ಸಾಮಾನಿನ ಹಾಗೆ ಕಾಣುವುದನ್ನೆಲ್ಲ ಮಾಡಿ ಮಿಲಾನಿನ ಶ್ರೀಮಂತರಿಗೆ ಮಾರುತ್ತಿದ್ದ.

ಹುಡುಗನಾಗಿದ್ದಾಗ ಒಮ್ಮೆ ಎಜೀದಿಯೊ ಒಂದು ಪಾದ ಕೆತ್ತಿ ತಂದ. ಉಗುರೇ ಇಲ್ಲ. ಅಪ್ಪ ತಿರುಗಿಸಿ ತಿರುಗಿಸಿ ನೋಡಿದ.

"ಉಗುರೆಲ್ಲೋ?"

"ಕುರ್ಚಿಗೆ ಉಗುರು ಯಾಕಪ್ಪ? ಯಾರನ್ನ ಪರಚಬೇಕು ಅದು?"

ಅಪ್ಪ ನಗಲಿಲ್ಲ, ಅಣ್ಣ ಫೆರೂಚೊ ನಕ್ಕ. ಆ ನಗು ಮುಂದೆ ಬಹಳ ವರ್ಷ ಎಜೀದಿಯೊನ ಬೆನ್ನ ಹಿಂದೆ ನಡೆಯಿತು.

ಸಂಜೆ ಹೊತ್ತು ನಕಾಶೆ ಬರೆಯುವ ಶಾಲೆಗೆ ಹೋಗಿ ಕಲಿತ. ಯುದ್ಧ ಬಂದಾಗ ವಿಮಾನ ಮಾಡುವ ಕಾರ್ಖಾನೆಗೆ ಎಳೆದುಕೊಂಡು ಹೋದರು, ಅಲ್ಲಿ ಅಲ್ಯೂಮಿನಿಯಂ ತಗಡು ಬಗ್ಗಿಸುವ ಕೆಲಸ. ಕಾಗದದಷ್ಟು ತೆಳ್ಳಗಿನ ತಗಡು ಸರಿಯಾದ ಕಡೆ ಬಾಗಿದರೆ ಮನುಷ್ಯನನ್ನೇ ಹೊರುತ್ತದೆ ಅನ್ನುವುದನ್ನು ಅಲ್ಲಿ ಕಂಡುಕೊಂಡ. ಯುದ್ಧ ಮುಗಿದು ಮನೆಗೆ ಬಂದವನ ತಲೆಯಲ್ಲಿ ದೇವದೂತರಿಗೆ ಜಾಗ ಉಳಿದಿರಲಿಲ್ಲ. ನಾಲ್ಕು ನೇರ ಕಾಲು, ಒಂದು ಬೆನ್ನು, ಅಷ್ಟೇ ಇರುವ ಕುರ್ಚಿ ಮಾಡಿದ. ಅಪ್ಪ ಅದಕ್ಕೆ ಆಸ್ಪತ್ರೆ ಕುರ್ಚಿ ಅಂದ, ಆದರೂ ಕೊನೆಯ ಕಾಯಿಲೆಯಲ್ಲಿ ಬೆನ್ನು ನೋಯದೆ ಕೂರಲು ಅವನಿಗೆ ಆಗಿ ಬಂದದ್ದು ಅದೊಂದೇ.

ಅಪ್ಪ ಹೋದ ಮೇಲೆ ಕೆಲಸದ ಮನೆ ಇಬ್ಬರು ಮಕ್ಕಳಿಗೂ ಬಂತು. ಅಣ್ಣ ಒಂದು ತುದಿಯಲ್ಲಿ ಸಿಂಹದ ಪಾದ ಕೆತ್ತುತ್ತಿದ್ದ, ತಮ್ಮ ಇನ್ನೊಂದು ತುದಿಯಲ್ಲಿ ದೀಪ ಮಾಡುತ್ತಿದ್ದ. ಅಕ್ರೋಟು ಮರದ ಸಣ್ಣ ಕತ್ತು, ಅದರ ತಲೆಯ ಮೇಲೆ ಮುಂದಕ್ಕೆ ಬಾಗಿದ ಅಲ್ಯೂಮಿನಿಯಂ ಟೋಪಿ, ಒಳಗೆ ಹೊಳಪಿಲ್ಲದ ಬಿಳಿ ಬಣ್ಣ. ಬಲ್ಬು ಕಣ್ಣಿಗೆ ಬೀಳದು, ಬೆಳಕು ಮಾತ್ರ ಮೇಜಿನ ಮೇಲೆ ಹಾಲು ಚೆಲ್ಲಿದ ಹಾಗೆ ಬೀಳುತ್ತಿತ್ತು. ತಲೆ ತಗ್ಗಿಸಿದ ಅದರ ಭಂಗಿ ನೋಡಿ ಫೆರೂಚೊ ಅದಕ್ಕೆ ಸನ್ಯಾಸಿನಿ ಅಂತ ಹೆಸರಿಟ್ಟ. ಹೊಗಳಲಿಕ್ಕೆ ಇಟ್ಟ ಹೆಸರೇನಲ್ಲ, ಆದರೆ ಅದೇ ನಿಂತುಹೋಯಿತು.

ದೀಪವನ್ನು ನೋಡಿದವರೆಲ್ಲ ತಲೆದೂಗಿದರು, ಕೊಂಡವರು ಯಾರೂ ಇಲ್ಲ. ಕೊನೆಗೆ ಅಣ್ಣ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. ಸಾನ್ ಮಾರ್ತೀನೊ ಸಂತನ ಹಬ್ಬದ ದಿನ ಆ ಕಡೆ ಬಾಡಿಗೆಯವರು ಮನೆ ಬಿಡುವುದು, ಆಳುಗಳು ಯಜಮಾನರನ್ನು ಬದಲಿಸುವುದು ರೂಢಿ. ಆ ಹಬ್ಬದ ಒಳಗೆ ದೀಪಕ್ಕೆ ಒಬ್ಬ ಗಿರಾಕಿ ಸಿಕ್ಕರೆ ಸರಿ, ಇಲ್ಲದಿದ್ದರೆ ಎಜೀದಿಯೊ ತನ್ನ ಮೂಲೆ ಖಾಲಿ ಮಾಡಿ ಯಾವುದಾದರೂ ಕಾರ್ಖಾನೆಯಲ್ಲಿ ಬೇರೆಯವರ ನಕಾಶೆ ಬರೆದುಕೊಂಡಿರಬೇಕು. ಎಜೀದಿಯೊ ಒಪ್ಪಿಕೊಂಡ.

ಹಬ್ಬ ಹತ್ತಿರವಾದಾಗ ಗಿರಾಕಿಯೊಬ್ಬ ಒದಗಿದ. ಕೋಮೊ ಸರೋವರದ ದಡದಲ್ಲಿ ಹೋಟೆಲು ಕಟ್ಟಿಸುತ್ತಿದ್ದ ಇಂಜಿನಿಯರ್ ಬೊನೋಮಿ. ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಬಂದು ದೀಪ ನೋಡುತ್ತೇನೆ ಅಂತ ಹೇಳಿ ಕಳಿಸಿದ್ದ.

ದೀಪದ ಮರದ ಕತ್ತಿಗೆ ಮೆರುಗು ಕೊಡುವುದು ತಾಯಿ ತೆಯೊದೊಲಿಂದಾಳ ಕೆಲಸ. ಮೇದಾದಲ್ಲಿ ಕೆತ್ತುವವರು ಗಂಡಸರು, ಮೆರುಗು ಕೊಡುವವರು ಹೆಂಗಸರು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಉಣ್ಣೆ ಸುತ್ತಿದ ಬಟ್ಟೆಯ ಉಂಡೆಯನ್ನು ಅದರಲ್ಲಿ ಅದ್ದಿ, ಸುತ್ತುಸುತ್ತಾಗಿ ಕೈ ಆಡಿಸುತ್ತಾ ಆಡಿಸುತ್ತಾ ಮರಕ್ಕೆ ಕನ್ನಡಿಯ ಹೊಳಪು ತರುತ್ತಾರೆ. ಇದರಲ್ಲಿ ಅವರದೊಂದು ಹಟವಿತ್ತು. ಡ್ರಾಯರಿನ ಒಳಗು, ಮೇಜಿನ ಅಡಿ, ಬೀರುವಿನ ಬೆನ್ನು, ಯಾರ ಕಣ್ಣಿಗೂ ಬೀಳದ ಕಡೆಗೂ ಒಂದು ಕೈ ಅರಗು ಬೀಳಲೇಬೇಕು. ಒಣಗಿದ ಒಳಗನ್ನು ಇಟ್ಟುಕೊಂಡು ಸಾಮಾನು ಹೊರಗೆ ಹೋದರೆ ಆ ಮನೆಯ ಹೆಂಗಸರನ್ನು ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದರು.

ತೆಯೊದೊಲಿಂದಾಳ ಕಣ್ಣಿಗೆ ಪೊರೆ ಬಂದಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಬೆರಳಿನಿಂದಲೇ ಎಲ್ಲವನ್ನೂ ನೋಡುತ್ತಿದ್ದಳು. ಶುಕ್ರವಾರ ಎಜೀದಿಯೊ ಒಳ್ಳೆಯ ವೈರು ಹುಡುಕಿಕೊಂಡು ಮಿಲಾನಿಗೆ ಹೋದಾಗ ಅವಳು ಕತ್ತಿಗೆ ಮೆರುಗು ಕೊಟ್ಟು ಮುಗಿಸಿ, ಪಕ್ಕದಲ್ಲಿದ್ದ ಟೋಪಿಯೊಳಗೆ ಬೆರಳಾಡಿಸಿದಳು. ಒರಟು. ಒಣ. ಮಗ ಹೇಳಲು ಮರೆತಿದ್ದಾನೆ ಅಂದುಕೊಂಡು ಅದಕ್ಕೂ ಒಂದು ಕೈ ಕೊಟ್ಟಳು. ಕೊಟ್ಟದ್ದನ್ನೆಲ್ಲ ಆ ಬಿಳಿ ಬಣ್ಣ ಕುಡಿದುಬಿಟ್ಟಿತು. ಮತ್ತೊಂದು ಕೈ, ಇನ್ನೊಂದು ಕೈ ಕೊಟ್ಟಳು.

ಶನಿವಾರ ಬೆಳಿಗ್ಗೆ ಎಜೀದಿಯೊ ಆತುರಾತುರವಾಗಿ ವೈರು ಸೇರಿಸಿ, ಬಲ್ಬು ಹತ್ತಿತು ಅಂತ ಕಂಡಕೂಡಲೇ ಆರಿಸಿದ. ಟೋಪಿಯ ಒಳಕ್ಕೆ ಬಗ್ಗಿ ನೋಡಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಕಾರು ನಿಂತ ಸದ್ದಾಯಿತು.

ಬೊನೋಮಿ ಸಣಕಲು ಮನುಷ್ಯ, ಮಾತು ಕಡಿಮೆ, ತಿನ್ನುವುದೂ ನಿಧಾನ. ದೀಪವನ್ನು ಊಟದ ಮೇಜಿನ ಮೇಲೇ ಇಡಿಸಿ, ಹೊತ್ತಿಸಿ ಅಂದ. ಹೊತ್ತಿಸಿದಾಗ ಅವನ ಮುಖ ಒಂದಿಷ್ಟು ಸಡಿಲವಾಯಿತು. ಎಜೀದಿಯೊ ಅದನ್ನು ಕಂಡು ಉಸಿರು ಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಆರಿಸಲು ಕೈ ಚಾಚಿದಾಗ ಬೊನೋಮಿ ತಡೆದ.

"ಇರಲಿ, ಉರೀತಾ ಇರಲಿ. ಹೋಟೆಲಿಗೆ ಬರೋರು ದೀಪ ಹಾಕ್ಕೊಂಡು ಹಾಗೇ ನಿದ್ದೆ ಹೋಗ್ತಾರೆ. ನಾವು ಊಟ ಮುಗಿಸೋ ತನಕ ಇದು ಏನು ಮಾಡುತ್ತೆ ನೋಡೋಣ."

ಸೂಪು ಬಂತು. ಎಜೀದಿಯೊನ ಕೈಯಿಂದ ಚಮಚ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ತಲೆ ಎತ್ತುವಾಗ ಟೋಪಿಯ ಒಳಗು ಕಣ್ಣಿಗೆ ಬಿತ್ತು. ಬಿಳಿ ಇರಬೇಕಾದ ಕಡೆ ಜೇನು ಸವರಿದ ಹಾಗೆ ಹೊಳೆಯುತ್ತಿತ್ತು.

ಅರಗು ಅಂತ ಅವನಿಗೆ ನೋಡಿದ ತಕ್ಷಣ ತಿಳಿಯಿತು. ಬಿಸಿಗೆ ಅರಗು ಏನಾಗುತ್ತದೆ ಅನ್ನುವುದೂ ತಿಳಿದಿತ್ತು. ಮೊದಲು ಮೆತ್ತಗಾಗುತ್ತದೆ, ಆಮೇಲೆ ಗುಳ್ಳೆ ಏಳುತ್ತದೆ, ಆಮೇಲೆ ಇಳಿಯುತ್ತದೆ. ಆ ಮನೆಯಲ್ಲಿ ಅರಗಿನ ವಾಸನೆ ಗೋಡೆಗೇ ಹತ್ತಿಹೋಗಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಆರಿಸಿ ನಿಜ ಹೇಳಿಬಿಡೋಣ ಅಂದುಕೊಂಡ. ಹಬ್ಬದ ಗಡುವು ನೆನಪಾಯಿತು. ಎದುರಿಗೆ ಕೂತ ಅಣ್ಣ ಕಂಡ. ಪಕ್ಕದಲ್ಲಿ ಒಳ್ಳೆಯ ಶಾಲು ಹೊದ್ದು ಕೂತ ತಾಯಿ ಕಂಡಳು. ಇಂಜಿನಿಯರು ಬೇಗ ಉಂಡು ಎದ್ದುಬಿಟ್ಟರೆ ಬಚಾವ್ ಅಂತ ಸುಮ್ಮನೆ ಕೂತ.

ಆದರೆ ಬೊನೋಮಿ ಬೇಗ ಉಣ್ಣುವವನಲ್ಲ. ಹಂದಿಮಾಂಸ ಎಲೆಕೋಸು ಹಾಕಿ ಬೇಯಿಸಿದ ಸಾರು ಬಂತು, ಮೆಕ್ಕೆಜೋಳದ ಹಿಟ್ಟಿನ ಬಿಸಿ ಮುದ್ದೆ, ಪೊಲೆಂತಾ, ಬಂತು. ಪ್ರತಿ ತುತ್ತನ್ನೂ ಅಗಿದು ಅಗಿದು ನುಂಗಿದ. ಎಲೆಕೋಸಿಗೆ ಮೊದಲ ಹಿಮ ಬಿದ್ದ ಮೇಲೆ ಕೊಯ್ದದ್ದೋ ಅಂತ ವಿಚಾರಿಸಿದ. ತಾಯಿಗೆ ಖುಷಿಯಾಗಿ ಹೌದು ಅಂದಳು. ಫೆರೂಚೊ ಎರಡು ಲೋಟ ವೈನು ಕುಡಿದು, ನಮ್ಮ ಸನ್ಯಾಸಿನಿ ಎಷ್ಟು ಹೊತ್ತಾದರೂ ತಲೆ ಎತ್ತುವವಳಲ್ಲ ಇಂಜಿನಿಯರ್ರೇ, ನಿಮ್ಮ ಹೋಟೆಲಿನಲ್ಲಿ ಯಾರು ಯಾರ ಜೊತೆ ಬಂದರೂ ನೋಡುವುದಿಲ್ಲ ಅಂದ. ಬೊನೋಮಿ ನಕ್ಕ. ಎಜೀದಿಯೊನೂ ನಕ್ಕ ಹಾಗೆ ಮಾಡಿದ, ಕಣ್ಣು ಟೋಪಿಯ ಅಂಚಿನ ಮೇಲೇ ಇತ್ತು.

ಮೆರುಗು ಕೊಟ್ಟವರು ಯಾರು ಅಂತ ಬೊನೋಮಿ ಕೇಳಿದ.

"ನಾನೇ ಸ್ವಾಮಿ," ಅಂದಳು ತಾಯಿ. "ಕತ್ತಿಗೂ ಕೊಟ್ಟಿದೀನಿ, ಒಳಗಡೆಗೂ ಕೊಟ್ಟಿದೀನಿ. ನಮ್ಮನೆಯಿಂದ ಒಣಗಿದ್ದು ಯಾವುದೂ ಹೊರಗೆ ಹೋಗಿಲ್ಲ."

ಬೊನೋಮಿ ಒಳ್ಳೆಯದು ತಾಯಿ ಅಂದು ಮತ್ತೆ ತಟ್ಟೆಯ ಕಡೆ ತಿರುಗಿದ. ಅವನಿಗೆ ಅರ್ಥವಾಯಿತೋ ಇಲ್ಲವೋ ಎಜೀದಿಯೊಗೆ ಗೊತ್ತಾಗಲಿಲ್ಲ.

ಅಂಚಿನಲ್ಲಿ ಒಂದು ಹನಿ ಕಟ್ಟಿಕೊಂಡಿತು. ಕಂದು ಬಣ್ಣ, ಕಡಲೆಕಾಳಿನಷ್ಟು. ಕೆಳಗೆ ತಾಯಿಯ ಮದುವೆಯ ಕಾಲದ ಬಿಳಿ ಮೇಜುಬಟ್ಟೆ. ಎಜೀದಿಯೊ ಬ್ರೆಡ್ಡು ತೆಗೆದುಕೊಳ್ಳುವವನ ಹಾಗೆ ಮುಂದಕ್ಕೆ ಬಾಗಿ, ತನ್ನ ತಟ್ಟೆಯನ್ನು ಮೆಲ್ಲಗೆ ದೀಪದ ಅಡಿಗೆ ಸರಿಸಿದ. ಹನಿ ದಾರದಂತೆ ಇಳಿದು ಪೊಲೆಂತಾದ ಮೇಲೆ ಬಿತ್ತು. ಅವನು ಅದರ ಮೇಲೆ ಬ್ರೆಡ್ಡು ಇಟ್ಟ. ತಲೆ ಎತ್ತಿದಾಗ ಅಣ್ಣ ನೋಡುತ್ತಿದ್ದ. ಫೆರೂಚೊನ ಕೈಯಲ್ಲಿ ಲೋಟ ಹಾಗೇ ಇತ್ತು, ಬಾಯಿಗೂ ಹೋಗಲಿಲ್ಲ, ಮೇಜಿಗೂ ಇಳಿಯಲಿಲ್ಲ. ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವನು ಅನ್ನಲಿಲ್ಲ.

ಎರಡನೆಯ ಹನಿ ಕಟ್ಟುತ್ತಿರುವಾಗ ತಾಯಿ ಮಾತು ನಿಲ್ಲಿಸಿದಳು. ಮುಖ ಮೇಲಕ್ಕೆತ್ತಿದಳು. ಮನೆಯ ವಾಸನೆಯೊಳಗೆ ಇನ್ನೊಂದು ವಾಸನೆ ಸೇರಿಕೊಂಡದ್ದು ಬೇರೆ ಯಾರಿಗೂ ತಿಳಿಯದಿದ್ದರೂ ಅವಳ ಮೂಗಿಗೆ ತಿಳಿಯಿತು.

"ಅರಗು ಬೇಯ್ತಾ ಇದೆ," ಅಂದಳು.

ಅವಳು ಕೈ ಚಾಚಿ, ಶಾಖ ಬರುವ ಕಡೆ ಹುಡುಕಿಕೊಂಡು ಹೋಗಿ, ಟೋಪಿಯ ಅಂಚು ಮುಟ್ಟಿದಳು. ಬೆರಳು ಚುರ್ ಅಂದಿರಬೇಕು, ಆದರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅಂಟಿದ್ದನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು.

"ಇದು ನನ್ನ ಕೆಲಸ. ಒಳಗೆ ಬಣ್ಣ ಇತ್ತು ಅಂತ ನಂಗೆ ಕಾಣಲಿಲ್ಲ. ಕಣ್ಣು ಹೋಗಿದೆ ಸ್ವಾಮಿ, ಮಕ್ಕಳಿಗೆ ಹೇಳಿರಲಿಲ್ಲ. ಆರಿಸು ಮಗಾ."

ಎಜೀದಿಯೊ ಆರಿಸಿದ. ಬೊನೋಮಿ ಬಟ್ಟೆಯಲ್ಲಿ ಬಾಯಿ ಒರೆಸಿಕೊಂಡು, ತಾಯಿಯ ಕೈಗೆ ತಣ್ಣೀರು ಹಾಕಿ ಅಂತ ಫೆರೂಚೊಗೆ ಹೇಳಿದ. ಆಮೇಲೆ ಎಜೀದಿಯೊನ ಕಡೆ ತಿರುಗಿದ.

"ನೀವು ಯಾವಾಗ ನೋಡಿದ್ರಿ?"

"ಈಗಲೇ."

ಬೊನೋಮಿ ದೀಪದ ಅಡಿಯಲ್ಲಿದ್ದ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಬ್ರೆಡ್ಡನ್ನು ಎತ್ತಿ ಪಕ್ಕಕ್ಕಿಟ್ಟ.

"ದೀಪ ಕೆಡೋದು ದೊಡ್ಡದಲ್ಲ, ಸರಿಮಾಡ್ಕೋಬಹುದು. ನೀವು ಅದರ ಕೆಳಗೆ ತಟ್ಟೆ ಸರಿಸಿ ನನ್ನ ಜೊತೆ ನಕ್ರಲ್ಲ, ಅದನ್ನ ಏನು ಮಾಡಲಿ ನಾನು?"

ಕೋಟು ಹಾಕಿಕೊಂಡ, ತಾಯಿಗೆ ನಮಸ್ಕಾರ ಹೇಳಿದ, ಹೋದ.

ಆ ಮಧ್ಯಾಹ್ನ ಪಾತ್ರೆ ತೊಳೆಯಲು ಯಾರೂ ಏಳಲಿಲ್ಲ. ತಾಯಿ ಬೆರಳಿಗೆ ಬೆಣ್ಣೆ ಹಚ್ಚಿಕೊಂಡು ಒಲೆಯ ಪಕ್ಕ ಕೂತಿದ್ದಳು. ಎಜೀದಿಯೊ ನಿಂತೇ ಇದ್ದ.

"ಯಾವಾಗಿಂದ ಗೊತ್ತಿತ್ತು?" ಅಂತ ಕೇಳಿದಳು.

"ಸೂಪಿನಿಂದ."

"ನಂಗೆ ಹೇಳೋಕೆ ಹೆದರಿದ್ಯಾ, ಅವರಿಗೆ ಹೇಳೋಕೆ ಹೆದರಿದ್ಯಾ?"

ನಿನಗೆ ಹೇಳಲು ಹೆದರಿದೆ ಅಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

"ಅವರಿಗೆ," ಅಂದ.

ಬಾಗಿಲಲ್ಲಿ ಅಣ್ಣ ನಿಂತಿದ್ದ. "ನಾನೂ ನೋಡಿದೆ ಕಣೋ. ಬಾಯಿ ಬಿಟ್ಟಿದ್ರೆ ನಾನೇ ಹಾಳುಮಾಡಿದೆ ಅಂತಿದ್ದೆ ನೀನು, ಸಾಯೋ ತನಕ." ಹಬ್ಬ ಹಬ್ಬವೇ ಅಂತ ಹೇಳಿ ಕೆಲಸದ ಮನೆಗೆ ಹೋದ. ಅಂದರೆ ಗಡುವಿನ ಮಾತು ಮಾತೇ.

ಎಜೀದಿಯೊ ಟೋಪಿಯನ್ನು ಬಿಚ್ಚಿ ಸ್ಪಿರಿಟ್ಟಿನಲ್ಲಿ ಅದ್ದಿ ಅದ್ದಿ ಅರಗು ತೆಗೆದ. ಬಣ್ಣವೂ ಎದ್ದು ಬಂತು. ಎಲ್ಲವನ್ನೂ ಕೆರೆದು ಹೊಸದಾಗಿ ಬಳಿದು, ಒಣಗಿಸಿ, ಕೆಲಸದ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಉರಿಸಿ ನೋಡಿದ. ಹಬ್ಬದ ಹಿಂದಿನ ದಿನ ದೀಪವನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಯಾರೂ ಕರೆಯದೆ ಕೋಮೊಗೆ ಹೋದ. ರೈಲಿನಲ್ಲಿ ಅದನ್ನು ಮಗುವಿನ ಹಾಗೆ ತೊಡೆಯ ಮೇಲೇ ಇಟ್ಟುಕೊಂಡಿದ್ದ.

ಬೊನೋಮಿಯ ಕಚೇರಿಯಲ್ಲಿ ಕೂರು ಅಂತ ಯಾರೂ ಅನ್ನಲಿಲ್ಲ. ನಿಂತುಕೊಂಡೇ ಹೇಳಿದ.

"ಸೂಪು ಕುಡಿಯುವಾಗಲೇ ನೋಡಿದ್ದೆ ಇಂಜಿನಿಯರ್ರೇ. ಆಮೇಲೆ ಸುಳ್ಳು ಹೇಳಿದೆ."

ಬೊನೋಮಿ ತಲೆ ಎತ್ತಲಿಲ್ಲ. ಗೋಡೆಯ ಪ್ಲಗ್ಗಿನ ಕಡೆ ಕೈ ತೋರಿಸಿದ. ಎಜೀದಿಯೊ ದೀಪ ಹೊತ್ತಿಸಿದ. ಇಂಜಿನಿಯರು ಅದೇ ಬೆಳಕಿನಲ್ಲಿ ತನ್ನ ಕೆಲಸ ಮುಂದುವರಿಸಿದ. ಯಾರೋ ಬಂದರು, ಸಹಿ ಹಾಕಿಸಿಕೊಂಡರು, ಹೋದರು. ಊಟಕ್ಕೆ ಎದ್ದುಹೋಗಿ ಬಂದ. ಎಜೀದಿಯೊ ಕಿಟಕಿಯ ಪಕ್ಕ ನಿಂತೇ ಇದ್ದ, ಸರೋವರದ ಕಡೆ ಒಮ್ಮೆಯೂ ನೋಡಲಿಲ್ಲ. ಹೊರಗೆ ಬೆಳಕು ಇಳಿಯತೊಡಗಿದಾಗ ಬೊನೋಮಿ ಎದ್ದು ಬಗ್ಗಿ ಟೋಪಿಯೊಳಗೆ ನೋಡಿ, ಬೆರಳಿನಿಂದ ಮುಟ್ಟಿದ.

"ಇನ್ನೇನು ತೊಂದರೆ ಇದೆ ಇದರಲ್ಲಿ?"

ಎಜೀದಿಯೊಗೆ ಏನೂ ಇಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಬುಡ ಹಗುರ," ಅಂದ. "ಮಕ್ಕಳು ವೈರು ಎಳೆದ್ರೆ ಬೀಳುತ್ತೆ. ಬಹಳ ಹೊತ್ತು ಉರಿದ್ರೆ ಟೋಪಿ ಮುಟ್ಟೋಕಾಗಲ್ಲ."

"ಬುಡ ಭಾರ ಮಾಡಿ. ನೆತ್ತಿ ಮೇಲೆ ಗಾಳಿಗೆ ತೂತು ಬಿಡಿ. ಸರಿಹೋದ್ರೆ ಮೊದಲು ಓದೋ ಕೋಣೆಗೆ ಹಾಕಿಸ್ತೀನಿ. ಮಿಕ್ಕದ್ದು ಆಮೇಲೆ ನೋಡೋಣ." ಆಮೇಲೆ ಕಾಗದದ ಮೇಲೆ ಮತ್ತೆ ಬಗ್ಗಿ, ತಾಯಿಯ ಬೆರಳು ಹೇಗಿದೆ ಅಂತ ಕೇಳಿದ.

ಎಜೀದಿಯೊ ಮನೆಗೆ ಬಂದಾಗ ಅಣ್ಣ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದ. ಬೊನೋಮಿ ಅಂದದ್ದನ್ನೆಲ್ಲ ಕೇಳಿ, ಓದುವ ಕೋಣೆಗೆ ಮಾತ್ರವೋ ಅಂತ ಮೂಗು ಮುರಿದ. ಕೈ ಒರೆಸಿಕೊಂಡ.

"ಗಿರಾಕಿ ಅಂದ್ರೆ ಗಿರಾಕಿನೇ. ಬುಡಕ್ಕೆ ಸೀಸ ತುಂಬೋದಾದ್ರೆ ಒಬ್ಬನ ಕೈಯಲ್ಲಿ ಆಗಲ್ಲ, ನನ್ನ ಕರಿ," ಅಂದು ಒಳಗೆ ಹೋದ.

ತಾಯಿ ಒಲೆಯ ಪಕ್ಕದಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಓದುವ ಕೋಣೆಯ ವಿಷಯ ಅವಳು ಎತ್ತಲೇ ಇಲ್ಲ.

"ಸೂಪಿನಿಂದ ಅಂತ ಹೇಳಿದ್ಯಾ ಅವರಿಗೆ?"

"ಹೇಳಿದೆ."

"ಹಾಗಾದ್ರೆ ಕೂತ್ಕೋ, ಊಟ ಮಾಡು," ಅಂದಳು.