ತಿರುಗುವ ಒರಳು

ಅನಂತರಾಮನಷ್ಟು ಬುದ್ಧಿವಂತನನ್ನೂ ನಾನು ಕಂಡಿಲ್ಲ, ಅವನಷ್ಟು ಪೆದ್ದನನ್ನೂ ಕಂಡಿಲ್ಲ. ಕುಂದಾಪುರದ ಕಡೆಯವ. ೧೯೬೧ರಲ್ಲಿ ಅಹಮದಾಬಾದಿಗೆ ಬಂದು, ಮಣಿನಗರ ಸ್ಟೇಷನ್ನಿನ ಎದುರಿದ್ದ ಲಕ್ಷ್ಮೀನಾರಾಯಣ ರಾಯರ ಹೋಟೆಲಿನಲ್ಲಿ ರುಬ್ಬುವ ಕೆಲಸಕ್ಕೆ ಸೇರಿದ. ನಾನು ಅಲ್ಲೇ ದೋಸೆ ಹುಯ್ಯುತ್ತಿದ್ದೆ.

ದಿನವಿಡೀ ರುಬ್ಬುಗುಂಡು ತಿರುಗಿಸಿ ಅವನ ಭುಜ ಬಿದ್ದುಹೋಗಿತ್ತು. "ಗುಂಡು ಸುಮ್ನಿರ್ಲಿ ಮಾರಾಯ, ಒರಳೇ ತಿರುಗಿದ್ರೆ ಎಂತ?" ಎಂದ ಒಂದು ದಿನ. ನಾವೆಲ್ಲ ನಕ್ಕೆವು. ಅವನು ಎರಡು ವರ್ಷ ಭಾನುವಾರಗಳನ್ನೆಲ್ಲ ಸಾಬರಮತಿ ದಂಡೆಯ ಗುಜರಿ ಬಜಾರಿನಲ್ಲಿ ಕಳೆದ. ಬಟ್ಟೆ ಗಿರಣಿಯ ಹಳೇ ಮೋಟರು, ಬೆಲ್ಟು, ಕಬ್ಬಿಣದ ಚೌಕಟ್ಟು ಹೊತ್ತು ತಂದ. ಎಷ್ಟೋ ಸಲ ಹಿಟ್ಟು ಗೋಡೆಗೆ ಹಾರಿತು. ಕೊನೆಗೊಂದು ದಿನ ಉದ್ದು ಬೆಣ್ಣೆಯಂತೆ ಬಂತು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಆಯುಧಪೂಜೆಗೆ ಹೊಸ ಯಂತ್ರದ ಮೊದಲ ಕಾಯಿ ಧಣಿಯೇ ಒಡೆಯಬೇಕು, ಅದು ನಮ್ಮ ಪದ್ಧತಿ. ಈ ಪುಣ್ಯಾತ್ಮ ಅಷ್ಟಕ್ಕೇ ನಿಲ್ಲಲಿಲ್ಲ. ಅನ್ನ ಕೊಟ್ಟವರೆಂದು ಯಂತ್ರದ ಮೇಲೆ ರಾಯರ ಹೆಸರನ್ನು ಕೆಂಪು ಬಣ್ಣದಲ್ಲಿ ತಾನೇ ಬರೆದ. ರಾಯರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅನಂತರಾಮ ಸ್ವಿಚ್ಚಿನ ಹತ್ತಿರವಿದ್ದ, ಫೋಟೋದಲ್ಲಿ ಬರಲಿಲ್ಲ. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ.

ಅದೇ ಫೋಟೋ ಹಿಡಿದು ರಾಯರು ಸೂರತ್ತಿನ ಒಂದು ಕಾರ್ಖಾನೆಯೊಡನೆ ಕರಾರು ಮಾಡಿಕೊಂಡರು. ಯಂತ್ರ ಕಂಡುಹಿಡಿದವರು ರಾಯರೇ ಎಂದು ಕಾಗದವಾಯಿತು.

ಅನಂತರಾಮ ಗಲ್ಲಾದ ಮುಂದೆ ನಿಂತ. "ನಂಗೆ ಬೇರೆಂತ ಬೇಡ ಧಣಿಗಳೇ. ಮಾಡಿದ್ದು ನಾನು ಅಂತ ಒಂದು ಮಾತು ಬರೆಸಿ."

"ನನ್ನ ಅಡಿಗೆಮನೆಯಲ್ಲಿ ಹುಟ್ಟಿದ್ದು ನನ್ನದಲ್ದೆ ಯಾರದ್ದು? ಹೆಸರು ಬರ್ದದ್ದು ನಾನಾ?" ಎಂದ ರಾಯರು ನನ್ನತ್ತ ತಿರುಗಿದರು. "ನೀ ಹೇಳು. ಇವ ಮಾಡಿದ್ದು ಕಂಡಿದ್ಯಾ?"

ನನ್ನನ್ನು ಊರಿಂದ ಕರೆತಂದವರೂ ರಾಯರೇ. ನನ್ನ ತಮ್ಮನನ್ನೂ ಅಲ್ಲಿಗೇ ಸೇರಿಸಬೇಕಿತ್ತು. "ನಾನು ಕಾವಲಿ ಎದುರಿದ್ದೆ, ಗೊತ್ತಿಲ್ಲ" ಎಂದುಬಿಟ್ಟೆ. ಥೂ, ನನ್ನ ಬಾಯಿಗೆ ಮಣ್ಣು ಹಾಕ. ಅನಂತರಾಮ ಅಂದೇ ಹೋಟೆಲು ಬಿಟ್ಟ.

೧೯೬೭ರಲ್ಲಿ ವಡೋದರಾ ಹತ್ತಿರದ ಕೊಯಾಲಿಯ ಒಂದು ಕ್ಯಾಂಟೀನಿನಲ್ಲಿ ಮತ್ತೆ ಸಿಕ್ಕಿದ. ಅವನ ಯಂತ್ರ ಅಲ್ಲಿಗೂ ಬಂದಿತ್ತು, ರಾಯರ ಹೆಸರಿನ ಹಿತ್ತಾಳೆ ಪಟ್ಟಿಯೊಂದಿಗೆ. ಅದು ಕೆಟ್ಟು ನಿಂತಿತ್ತು. ಪಕ್ಕದಲ್ಲಿ ಇವನು ಕೂತು ಕೈಯಲ್ಲಿ ರುಬ್ಬುತ್ತಿದ್ದ.

"ಬೆಲ್ಟ್ ಜಾರಿದ್ದು ಅಷ್ಟೇ. ಸರಿ ಮಾಡ್ತೆ ಅಂದೆ. ಮುಟ್ಟಬೇಡ ಅಂದ ಮ್ಯಾನೇಜರ್. ಸೂರತ್ತಿಂದ ಮೆಕ್ಯಾನಿಕ್ಕೇ ಬರ್ಬೇಕಂತೆ."

"ಮಾಡಿದ್ದೇ ನಾನು ಅಂತ ಹೇಳ್ಲಿಲ್ಯಾ?" ಎಂದೆ.

ಅವನು ರುಬ್ಬುವುದನ್ನು ನಿಲ್ಲಿಸಲಿಲ್ಲ. "ಕಣ್ಣಾರೆ ಕಂಡ ನೀನೇ ಗೊತ್ತಿಲ್ಲ ಅಂದೆ. ಅವ ಎಂತಕ್ಕೆ ನಂಬ್ತ?"